ಮರಳಲ್ಲಿ ಮೊಣಕಾಲಿನ ಗುರುತು

“ಗುರುಗಳೇ, ಆರಿಸುವ ಜಾಗದಲ್ಲಿ ಕೂತವನು ತನ್ನವರನ್ನು ದೂರ ಇಡುವುದೇ ನ್ಯಾಯ ಅಲ್ಲವೇ?” ಎಂದು ಕೊಟ್ರಯ್ಯ ಕೇಳಿದ.

ಕೇಳಿದ್ದು ಪ್ರಶ್ನೆಯಾದರೂ ಅವನಿಗೆ ಬೇಕಾಗಿದ್ದದ್ದು ಶಹಬ್ಬಾಸ್‌ಗಿರಿ. ಮಠದಲ್ಲಿ ಎಳೆಯರಿಗೆ ಹಾಡು ಕಲಿಸುವ ಹಿರಿಯ ಶಿಷ್ಯ ಅವನು. ಬರುವ ತಿಂಗಳು ನದಿಯಾಚೆಯ ದೊಡ್ಡ ಮಠದಲ್ಲಿ ಹಾಡುಗಾರರ ಕೂಟವಿತ್ತು. ಇಲ್ಲಿಂದ ಒಬ್ಬನನ್ನು ಕಳಿಸಬೇಕಿತ್ತು. ಆರಿಸುವ ಕೆಲಸವನ್ನು ಗುರುಗಳು ಕೊಟ್ರಯ್ಯನಿಗೇ ಒಪ್ಪಿಸಿದ್ದರು. ಹಾಡುವವರಲ್ಲಿ ಅವನ ಒಡಹುಟ್ಟಿದ ತಮ್ಮನೂ ಒಬ್ಬ. ನಿನ್ನೆ ಕೊಟ್ರಯ್ಯ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹಾಡಿಸಿದ್ದ.

“ತಮ್ಮನ ಹೆಸರನ್ನು ಹಾಡಿಸುವ ಮೊದಲೇ ತೆಗೆದುಬಿಟ್ಟೆ. ಈಗ ಒಬ್ಬರೂ ಬಾಯಿ ಬಿಡುವ ಹಾಗಿಲ್ಲ” ಎಂದು ಅವನೇ ಸೇರಿಸಿದ.

ಗುರುಗಳು ಮೊರ ಮುಂದಿಟ್ಟುಕೊಂಡು ಹುರುಳಿ ಹಸನು ಮಾಡುತ್ತಿದ್ದರು. ಒಂದು ಕಲ್ಲು ಸಿಕ್ಕಿತು. ಅದನ್ನು ಹೆಕ್ಕಿ ಅಂಗಳಕ್ಕೆ ಎಸೆದರು.

“ಹುರುಳಿ ಕಂಡಾಗಲೆಲ್ಲ ನನಗೆ ಕುದುರೆಯ ನೆನಪು. ಒಬ್ಬ ರಾವುತನಿದ್ದ. ಕೂತುಕೋ. ಮೊದಲು ಅವನ ಕತೆ ಕೇಳು, ಆಮೇಲೆ ಬೆನ್ನು ತಟ್ಟಿಸಿಕೊಳ್ಳುವೆಯಂತೆ” ಎಂದರು. ಮೊರದ ಮೇಲಿನ ಕಣ್ಣು ತೆಗೆಯದೆ ಹೇಳತೊಡಗಿದರು.

ರಾವುತ ಅಂದ ಕೂಡಲೇ ಕತ್ತಿ ಗುರಾಣಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಡ. ಇವನು ಯುದ್ಧ ಕಂಡವನಲ್ಲ. ಕುದುರೆಗೆ ನಡೆ ಕಲಿಸುವವನು. ಗೆರೆ ಎಳೆದ ಹಾಗೆ ಕುದುರೆ ನೇರ ನಡೆಯಬೇಕು, ಬಳೆಯ ಹಾಗೆ ದುಂಡಗೆ ಸುತ್ತು ಬರಬೇಕು, ಅಡ್ಡಡ್ಡ ಹೆಜ್ಜೆ ಇಡಬೇಕು, ನಿಲ್ಲಬೇಕಾದಲ್ಲಿ ನಾಲ್ಕು ಕಾಲೂ ಸಮ ಮಾಡಿ ನಿಲ್ಲಬೇಕು. ಹಾಗಂತ ನಿಲ್ಲು ಎಂದು ಬಾಯಲ್ಲಿ ಹೇಳುವಂತಿಲ್ಲ. ಚಾಟಿ ಇಲ್ಲ, ಕೂಗು ಇಲ್ಲ. ಮೇಲೆ ಕೂತವನು ಏನೂ ಮಾಡುತ್ತಿಲ್ಲ ಅಂತಲೇ ನೋಡುವವರಿಗೆ ಕಾಣಬೇಕು. ಹಾಗೆ ಕಾಣುವುದಕ್ಕೆ ಹತ್ತು ವರ್ಷ ಬೆವರು ಸುರಿಸಬೇಕು.

ಬೆಟ್ಟಸಾಲಿನ ಆಚೆ ಬೇರೆ ದೇಶ. ಅಲ್ಲಿಯ ಅರಸ ನಾಲ್ಕು ವರ್ಷಕ್ಕೊಮ್ಮೆ ಸುತ್ತಲಿನ ದೇಶಗಳ ಎಳೆಯ ಸವಾರರನ್ನೆಲ್ಲ ಕರೆಸುತ್ತಿದ್ದ. ದೇಶಕ್ಕೆ ಒಬ್ಬರು. ಹದಿನೆಂಟು ದಾಟಿದವರಿಗೆ ಅಲ್ಲಿ ಪ್ರವೇಶವಿಲ್ಲ. ಯೋಚನೆ ಮಾಡು, ಇಡೀ ಜನ್ಮದಲ್ಲಿ ಒಂದೇ ಸಲ ಕೈಗೆ ಸಿಗುವಂಥದ್ದು ಅದು. ಹೋಗಿ ಬಂದವರು ಅಲ್ಲಿಯ ಅರಮನೆಯನ್ನು ಹೊಗಳುತ್ತಿರಲಿಲ್ಲ, ಊಟವನ್ನೂ ಹೊಗಳುತ್ತಿರಲಿಲ್ಲ. ಎಲ್ಲರೂ ಹೇಳುತ್ತಿದ್ದದ್ದು ಒಂದೇ ಸಂಗತಿ. ಅಂಗಳದ ಸುತ್ತ ಸಾವಿರಾರು ಜನ ಕೂತಿರುತ್ತಾರೆ. ಕುದುರೆ ಒಳಗೆ ಕಾಲಿಟ್ಟ ಕೂಡಲೇ ಅಷ್ಟೂ ಜನ ಮಾತು ನಿಲ್ಲಿಸುತ್ತಾರೆ. ಆಮೇಲೆ ಕುದುರೆಯ ಉಸಿರು ಬಿಟ್ಟರೆ ಬೇರೆ ಸದ್ದೇ ಇಲ್ಲ. ಆ ಮೌನದ ನಡುವೆ ಒಂದು ಸುತ್ತು ಬಂದವನಿಗೆ ಬದುಕಿನಲ್ಲಿ ಮತ್ತೇನೂ ಬೇಡ ಅನ್ನಿಸುತ್ತದಂತೆ.

ನಮ್ಮ ರಾವುತನಿಗೆ ಹದಿನೇಳು ತುಂಬಿದ ವರ್ಷ ಅವನ ಸಮಕ್ಕೆ ನಿಲ್ಲುವ ಸವಾರ ಊರಲ್ಲಿ ಇರಲಿಲ್ಲ. ಇದನ್ನು ಅವನ ಎದುರಾಳಿಗಳೇ ಒಪ್ಪುತ್ತಿದ್ದರು. ಆದರೆ ಆಗ ಆರಿಸುವ ಅಧಿಕಾರ ಇದ್ದವನು ತನ್ನ ಅಕ್ಕನ ಮಗನನ್ನು ಕಳಿಸಿದ. ಯಾಕೆ ಅಂತ ಕೇಳಿದವರಿಗೆ “ಹುಡುಗ ಕೂರುವ ಠೀವಿ ನೋಡಿ” ಅಂದನಂತೆ. ಠೀವಿ ಏನು ಬಂತು ಮಣ್ಣು, ಮನೆಯ ಹುಡುಗ ಕೂತರೂ ಚೆಂದ, ಬಿದ್ದರೂ ಚೆಂದ. ರಾವುತ ಊರಬಾಗಿಲಿನಲ್ಲಿ ನಿಂತು, ಬೆಟ್ಟದ ದಾರಿ ಹಿಡಿದ ಆ ಕುದುರೆಯ ಧೂಳು ಅಡಗುವ ತನಕ ನೋಡಿದ. ಅಂದು ಅವನಿಗೆ ಊಟ ಸೇರಲಿಲ್ಲ. ಹಾಗೆ ನೋಡಿದರೆ ಆಮೇಲೆ ಉಂಡ ಯಾವ ಊಟವೂ ಅವನಿಗೆ ಪೂರ್ತಿ ಸೇರಲಿಲ್ಲ. ಮದುವೆಯಾಯಿತು, ಮನೆ ಕಟ್ಟಿದ, ಕೂದಲು ನರೆಯಿತು. ಯಾರದೋ ಮನೆಯ ಜಗಲಿಯಲ್ಲಿ ಮಾತಾಡುತ್ತ ಕೂತಿದ್ದಾಗ ನಡುವೆ ಎಲ್ಲರೂ ಒಂದು ಗಳಿಗೆ ಸುಮ್ಮನಾದರೆ ಸಾಕು, ಅವನಿಗೆ ಬೆಟ್ಟದಾಚೆಯ ಆ ಅಂಗಳ ನೆನಪಾಗುತ್ತಿತ್ತು.

ಕಾಲ ಕಳೆದು ಅವನೇ ತನ್ನ ದೇಶದ ಅರಸನ ಲಾಯಕ್ಕೆ ಹಿರಿಯನಾದ. ಆರಿಸುವ ಅಧಿಕಾರ ಅವನ ಕೈಗೆ ಬಂತು. ತನಗೆ ಆದದ್ದು ಮತ್ತೊಬ್ಬರಿಗೆ ಆಗಬಾರದು ಅಂತ ಅವನು ಒಂದು ಪದ್ಧತಿ ಮಾಡಿದ. ಮೈದಾನದ ಸುತ್ತ ಆಳೆತ್ತರದ ಗೋಡೆ ಕಟ್ಟಿಸಿದ. ಒಳಗೆ ಹೊಳೆಯ ಸಣ್ಣ ಮರಳು ತುಂಬಿಸಿ ಐದು ಚೌಕ ಮಾಡಿಸಿದ. ಸವಾರರು ಐವರು, ಕುದುರೆ ಒಂದೇ, ಲಾಯದ ಒಂದು ಹಳೆಯ ಹೆಣ್ಣು ಕುದುರೆ. ಅಪ್ಪ ಕೊಡಿಸಿದ ಕುದುರೆಯ ಜಂಬ ಅಲ್ಲಿ ನಡೆಯುತ್ತಿರಲಿಲ್ಲ. ಯಾರಿಗೆ ಯಾವ ಚೌಕ ಅನ್ನುವುದು ಚೀಟಿ ಎತ್ತಿ ಗೊತ್ತಾಗುತ್ತಿತ್ತು. ಅದನ್ನು ತಿಳಿದವನು ಒಬ್ಬ ಗುಮಾಸ್ತ ಮಾತ್ರ. ಒಬ್ಬೊಬ್ಬರೇ ಒಳಗೆ ಹೋಗಿ ತಮ್ಮ ಚೌಕದಲ್ಲಿ ನಡೆ ತೋರಿಸಿ ಬರಬೇಕು. ಅಷ್ಟು ಹೊತ್ತೂ ರಾವುತ ಗೋಡೆಯ ಹೊರಗೆ ಬೆನ್ನು ತಿರುಗಿಸಿಕೊಂಡು ಕೂತಿರುತ್ತಿದ್ದ. ಎಲ್ಲರದೂ ಮುಗಿದ ಮೇಲೆ ಒಬ್ಬನೇ ಒಳಗೆ ಹೋಗಿ ಮರಳಿನಲ್ಲಿ ಬಿದ್ದ ಗೊರಸಿನ ಗುರುತು ಓದುತ್ತಿದ್ದ.

ಹೌದು ಮಾರಾಯ, ಓದುತ್ತಿದ್ದ. ನೀನು ತಾಳೆಗರಿ ಓದುವುದಿಲ್ಲವೇ, ಹಾಗೆ. ಕುದುರೆ ಎಲ್ಲಿ ಬೆದರಿತು, ಸವಾರ ಎಲ್ಲಿ ಲಗಾಮು ಜಗ್ಗಿದ, ಎಲ್ಲಿ ಇಬ್ಬರ ಮನಸ್ಸೂ ಒಂದಾಯಿತು, ಎಲ್ಲ ಅವನಿಗೆ ಗೊರಸಿನ ಆಳದಲ್ಲಿ, ಅಂತರದಲ್ಲಿ ತಿಳಿಯುತ್ತಿತ್ತು. ಇಂಥ ಚೌಕ ಅಂತ ಹೇಳಿ ಹೊರಗೆ ಬರುತ್ತಿದ್ದ. ಆ ಚೌಕ ಯಾರದು ಅಂತ ಗುಮಾಸ್ತ ಕೂಗಿ ಹೇಳಿದಾಗ ಊರಿನವರ ಜೊತೆಗೇ ಅವನಿಗೂ ಗೊತ್ತಾಗುತ್ತಿತ್ತು. ಗೆದ್ದ ಚೌಕವನ್ನು ಸಂಜೆಯ ತನಕ ಹಾಗೇ ಬಿಡುತ್ತಿದ್ದರು, ಜನ ಬಂದು ನೋಡಲಿ ಅಂತ. ಸೋತವರು ಮಾತ್ರ ತಂತಮ್ಮ ಚೌಕವನ್ನು ತಾವೇ ಹಲಗೆ ಎಳೆದು ಸವರಿ ಬರಬೇಕು. “ಹೊಟ್ಟೆಯಲ್ಲಿ ಏನಾದರೂ ಉಳಿದಿದ್ದರೆ ಅದನ್ನೂ ಅಲ್ಲೇ ಸಮ ಮಾಡಿ ಬನ್ನಿ” ಅನ್ನುತ್ತಿದ್ದ ರಾವುತ.

ಈ ಪದ್ಧತಿಯಲ್ಲಿ ಮೂರು ಸಲ ಆಯ್ಕೆ ನಡೆಯಿತು. ಒಮ್ಮೆ ಕುಂಬಾರರ ಹುಡುಗ ಹೋದ. ಒಮ್ಮೆ ಅಂಬಿಗರ ಹುಡುಗಿ ಹೋದಳು. ಮೂರನೇ ಸಲ ಮಂತ್ರಿಯ ಮೊಮ್ಮಗನೇ ಹೋದ, ಆಗಲೂ ಒಬ್ಬರೂ ಪಿಟ್ಟೆನ್ನಲಿಲ್ಲ. ಸಂತೆಯಲ್ಲಿ ತೂಕದ ಜಗಳ ಬಂದರೆ ಜನ “ರಾವುತನನ್ನು ಕರೆಯಿರಿ” ಅನ್ನುವಷ್ಟು ಅವನ ಹೆಸರು ಬೆಳೆಯಿತು. ಅಂಥ ಮಾತು ಕಿವಿಗೆ ಬಿದ್ದಾಗ ಅವನಿಗೆ ಒಳಗೊಳಗೇ ಹಿತವಾಗುತ್ತಿತ್ತು. ಅದರಲ್ಲಿ ತಪ್ಪೇನಿಲ್ಲ. ಹೊಗಳಿಕೆ ಯಾರಿಗೆ ಬೇಡ? ಈಗ ತಾನೇ ನಿನಗೂ ಬೇಕಾಗಿತ್ತಲ್ಲ.

ರಾವುತನಿಗೆ ಒಬ್ಬಳೇ ಮಗಳು. ಲಾಯದಲ್ಲೇ ಆಡಿ ಬೆಳೆದವಳು. ಚಿಕ್ಕವಳಿದ್ದಾಗ ಬೆಟ್ಟದಾಚೆಯ ಅಂಗಳದ ಕತೆ ಹೇಳದಿದ್ದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. “ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ” ಅಂತ ಅವನು ಹೇಳುವುದು, ಅವಳು ಬಾಯಲ್ಲಿನ ಅನ್ನ ಅಗಿಯುವುದನ್ನೂ ನಿಲ್ಲಿಸಿ ಕಿವಿಗೊಡುವುದು. ಮಗು ಊಟ ಮಾಡಲಿ ಅಂತ ಹೇಳಿದ ಕತೆ ಅವಳ ಎದೆಯಲ್ಲಿ ಬೇರು ಬಿಟ್ಟಿತು. ಹದಿನೇಳು ತುಂಬುವ ಹೊತ್ತಿಗೆ ಅವಳಿಗೆ ಬೇರೆ ಆಸೆಯೇ ಇರಲಿಲ್ಲ. ಓರಗೆಯವರು ಸೀರೆ, ಬಳೆ ಅಂದರೆ ಇವಳು ಕುದುರೆಯ ಕಾಲು ತೊಳೆಯಲು ಹೋಗುವಳು. ಆ ವರ್ಷವೇ ಆಯ್ಕೆ ಬಂತು. ಅದು ತಪ್ಪಿದರೆ ಮುಂದಿನದರ ಹೊತ್ತಿಗೆ ಅವಳಿಗೆ ಇಪ್ಪತ್ತೊಂದು.

ರಾವುತ ಅರಸನ ಬಳಿ ಹೋಗಿ, ಈ ಸಲ ಬೇರೆ ಯಾರಾದರೂ ನೋಡಲಿ ಅಂದ. ಅರಸ ನಕ್ಕ. ಮರಳು ಓದಲು ಬರುವವರು ನಿನ್ನನ್ನು ಬಿಟ್ಟು ಯಾರಿದ್ದಾರೆ, ನಿನ್ನ ಮಗಳು ಯಾರು ಅಂತ ಮರಳಿಗೇನು ಗೊತ್ತು ಅಂದ. ಹೌದಲ್ಲ ಅನ್ನಿಸಿ ರಾವುತ ಹಿಂದಿರುಗಿದ.

ಆಯ್ಕೆಯ ದಿನ ಬೆಳಿಗ್ಗೆ ಅಪ್ಪ ಕೈ ತೊಳೆಯಲು ಬಂದಾಗ ಮಗಳು ಚೊಂಬು ಹಿಡಿದು ನೀರು ಹಾಕಿದಳು.

“ಅಪ್ಪ, ಇವತ್ತು ನನ್ನನ್ನು ಮಗಳು ಅಂತ ನೋಡಬೇಡ” ಅಂದಳು.

“ನಾನು ನೋಡುವುದು ಮರಳನ್ನು ಕಣಮ್ಮ, ನಿನ್ನನ್ನಲ್ಲ” ಅಂದ ರಾವುತ.

ಅವಳಿಗೆ ಅಷ್ಟೇ ಸಾಕಾಗಿತ್ತು. ಸೆರಗು ಬಿಗಿದುಕೊಂಡು ಲಾಯಕ್ಕೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಐವರದೂ ಮುಗಿಯಿತು. ರಾವುತ ಒಳಗೆ ಹೋದ. ಮೊದಲನೆಯ ಚೌಕದಲ್ಲಿ ಸವಾರ ತಿರುವಿನಲ್ಲಿ ಲಗಾಮು ಜಗ್ಗಿದ್ದ. ಎರಡನೆಯದರಲ್ಲಿ ಅಡ್ಡ ಹೆಜ್ಜೆ ತಡವರಿಸಿತ್ತು. ಮೂರನೆಯ ಚೌಕದ ಅಂಚಿಗೆ ಬಂದು ನಾಲ್ಕು ಮಾರು ನಡೆದವನು ಅಲ್ಲೇ ನಿಂತುಬಿಟ್ಟ.

ಪ್ರತಿ ತಿರುವಿಗೂ ಮುಂಚೆ ಕುದುರೆಯ ಮುಂಗಾಲು ಒಂದು ಎಳ್ಳಿನಷ್ಟು ಆಳಕ್ಕೆ ಊರಿತ್ತು. ತಿರುಗುವ ಮೊದಲು ಯಾರೋ ಅದಕ್ಕೆ ಉಸಿರು ತೆಗೆದುಕೊಳ್ಳಲು ಬಿಟ್ಟಿದ್ದರು. ಇದನ್ನು ರಾವುತ ಯಾರಿಗೂ ಕಲಿಸಿರಲಿಲ್ಲ. ಅವನಿಗೇ ಬರುತ್ತಿರಲಿಲ್ಲ. ಆರು ವರ್ಷದವಳಿದ್ದಾಗ ಮಗಳು ಜೀನಿಲ್ಲದ ಬೆನ್ನಿನ ಮೇಲೆ ಕೂತು ತಾನೇ ಕಂಡುಕೊಂಡದ್ದು ಅದು. ಮುದಿಕುದುರೆಗೆ ಸುಸ್ತಾಗುತ್ತದೆ ಅಪ್ಪ, ಕೇಳಿ ತಿರುಗಿಸಬೇಕು ಅನ್ನುತ್ತಿದ್ದಳು. ಚೌಕದ ಕೊನೆಯಲ್ಲಿ ಕುದುರೆ ನಿಂತ ಜಾಗ ಇತ್ತು. ನಾಲ್ಕು ಗೊರಸೂ ಮಂಚದ ಕಾಲಿಟ್ಟ ಹಾಗೆ ಸಮ. ಮೂವತ್ತು ವರ್ಷದಲ್ಲಿ ಅವನು ಅಂಥ ನಡೆ ಕಂಡಿರಲಿಲ್ಲ.

ಅವನಿಗೆ ಮೊದಲು ಆದದ್ದು ಸಂತೋಷ. ಎಷ್ಟು ಸಂತೋಷ ಅಂದರೆ ಕಣ್ಣು ತುಂಬಿ ಬಂದು ಮರಳು ಕಾಣದಾಯಿತು. ಈ ಹೆಜ್ಜೆ ಆ ಅಂಗಳದಲ್ಲಿ ಬೀಳಬೇಕು, ಆ ಸಾವಿರ ಜನ ಇದಕ್ಕಾಗಿ ಸುಮ್ಮನಾಗಬೇಕು ಅನ್ನಿಸಿತು. ಅಷ್ಟರಲ್ಲಿ ಗೋಡೆಯ ಆಚೆ ಯಾರೋ ಕೆಮ್ಮಿದರು. ಹೊರಗೆ ಊರಿಗೆ ಊರೇ ಕಾಯುತ್ತಿದೆ. ಮೂರನೆಯ ಚೌಕ ಅಂದರೆ ಗುಮಾಸ್ತ ಮಗಳ ಹೆಸರು ಕೂಗುತ್ತಾನೆ. ಅವಳದೇ ಅಂತ ಮೊದಲೇ ಗುರುತು ಸಿಕ್ಕಿತ್ತೇ ಅಂತ ಒಬ್ಬ ಕೇಳಿದರೆ ಏನು ಹೇಳಲಿ? ಸಿಕ್ಕಿತ್ತು ಅನ್ನಲೇ? ಅಕ್ಕನ ಮಗನನ್ನು ಕಳಿಸಿದವನ ಮುಖ ಅವನಿಗೆ ನೆನಪಾಯಿತು. ನಾಳೆಯಿಂದ ಜನ ತನ್ನ ಮುಖದಲ್ಲೂ ಅದನ್ನೇ ಕಾಣುತ್ತಾರೆ ಅನ್ನಿಸಿತು.

ಗೋಡೆಗೆ ಒರಗಿಸಿದ್ದ ಅಳತೆಕೋಲನ್ನು ಎತ್ತಿಕೊಂಡು ಬಂದ. ಯಾವತ್ತೋ ಒಮ್ಮೆ, ಎರಡು ಚೌಕ ಸಮ ಸಮ ಬಂದಾಗ ಬಳಸುತ್ತಿದ್ದ ಕೋಲು ಅದು. ಹೆಜ್ಜೆಯಿಂದ ಹೆಜ್ಜೆಗೆ ಕೋಲು ಊರುತ್ತ ಅಳೆದ. ಸರಿಯಾಗಿತ್ತು. ಹಿಂದಕ್ಕೆ ಬಂದು ಇನ್ನೊಮ್ಮೆ ಅಳೆದ. ಆಗಲೂ ಸರಿಯಾಗಿತ್ತು. ಕೊನೆಗೆ ಮೊಣಕಾಲೂರಿ ಕೂತು, ಸುತ್ತಿನ ನಟ್ಟನಡುವೆ ಕೋಲಿಟ್ಟು ನಾಲ್ಕೂ ದಿಕ್ಕಿಗೆ ನೋಡಿದ. ಒಂದು ಕಡೆ ಸುತ್ತು ಎರಡು ಬೆರಳು ಹೆಚ್ಚಿಗೆ ಇತ್ತು. ಕೇಳು ಕೊಟ್ರಯ್ಯ, ತಪ್ಪು ಸಿಕ್ಕಿತಲ್ಲ ಅಂತ ಅವನು ನಿಟ್ಟುಸಿರು ಬಿಟ್ಟ. ತನ್ನ ಮಗಳಲ್ಲಿ ಒಂದು ತಪ್ಪು ಸಿಕ್ಕಿತು ಅಂತ ಅವನಿಗೆ ನಿರಾಳವಾಯಿತು.

ನಾಲ್ಕನೆಯದರಲ್ಲಿ ಕುದುರೆ ಬೆದರಿ ಗೆರೆ ದಾಟಿತ್ತು. ಐದನೆಯದಕ್ಕೆ ಬರುವ ಹೊತ್ತಿಗೆ ಅವನಿಗೆ ಸಾಕುಸಾಕಾಗಿತ್ತು. ನಡೆ ಚೊಕ್ಕವಾಗಿದೆಯೇ, ಇದೆ. ಸುತ್ತು ದುಂಡಗಿದೆಯೇ, ಕಣ್ಣಿಗೆ ದುಂಡಗೇ ಕಾಣುತ್ತಿದೆ. ಕೋಲು ಕಂಕುಳಲ್ಲೇ ಇತ್ತು. ಅದನ್ನು ಗೋಡೆಗೆ ಒರಗಿಸಿ, ಹೊರಗೆ ಬಂದು “ಐದನೆಯ ಚೌಕ” ಅಂದ.

ಗುಮಾಸ್ತ ಒಬ್ಬ ವರ್ತಕನ ಮಗನ ಹೆಸರು ಕೂಗಿದ. ಒಳ್ಳೆಯ ಹುಡುಗ. ಕಷ್ಟಪಟ್ಟು ಕಲಿತವನು. ಅವನ ಮೇಲೆ ತಪ್ಪು ಹೊರಿಸುವಂಥದ್ದು ಏನೂ ಇಲ್ಲ. ಆದರೆ ಜನರ ಕಣ್ಣು ಆ ಹುಡುಗನ ಮೇಲೆ ನಿಲ್ಲಲೇ ಇಲ್ಲ. ಸ್ವಂತ ಮಗಳನ್ನೂ ನೋಡಲಿಲ್ಲ ನೋಡಿ, ಇಂಥ ಮನುಷ್ಯ ಇನ್ನೊಬ್ಬ ಹುಟ್ಟುವುದಿಲ್ಲ ಅಂತ ರಾವುತನನ್ನೇ ಸುತ್ತುವರಿದರು. ಅರಸ ತಾನು ಹೊದ್ದಿದ್ದ ಶಾಲು ತೆಗೆದು ಅವನ ಹೆಗಲಿಗೆ ಹೊದಿಸಿದ. ಅಕ್ಕನ ಮಗನನ್ನು ಕಳಿಸಿದವನೂ ಹಣ್ಣುಹಣ್ಣು ಮುದುಕನಾಗಿ ಅಲ್ಲೇ ಕೂತಿದ್ದ. ಅವನು ಎದ್ದು ಬಂದು ಕೈ ಮುಗಿದ.

ಸೋತ ನಾಲ್ವರು ಹಲಗೆ ಹಿಡಿದು ಒಳಗೆ ಹೋದರು. ಮೂವರು ಬೇಗ ಬೇಗ ಸವರಿ ಹೊರಗೆ ಬಂದರು. ಮಗಳು ಬರಲಿಲ್ಲ. ಬಹಳ ಹೊತ್ತು ನೋಡಿ ರಾವುತನೇ ಒಳಗೆ ಹೋದ.

ಅವಳು ಹಲಗೆಯನ್ನು ನೆಲಕ್ಕೆ ತಾಗಿಸಿರಲೂ ಇಲ್ಲ. ಮೂರನೆಯ ಚೌಕದ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಮರಳು ಓದಲು ಅವಳಿಗೂ ಬರುತ್ತದೆ ಅನ್ನುವುದನ್ನು ರಾವುತ ಮರೆತಿದ್ದ. ಗೋಡೆ ಕಟ್ಟಿಸಿದ, ಚೀಟಿ ಎತ್ತಿಸಿದ, ಗುಮಾಸ್ತನ ಬಾಯಿಗೆ ಬೀಗ ಹಾಕಿಸಿದ. ಆದರೆ ಆರಿಸುವವನಿಗೂ ಕಾಲಿದೆ, ಅದರ ಗುರುತೂ ಮರಳಲ್ಲೇ ಬೀಳುತ್ತದೆ ಅನ್ನುವುದು ಇಷ್ಟು ವರ್ಷದಲ್ಲಿ ಅವನಿಗೆ ಹೊಳೆದಿರಲಿಲ್ಲ.

“ಅಪ್ಪ, ಐದನೆಯ ಚೌಕದಲ್ಲಿ ನಿನ್ನ ಹೆಜ್ಜೆ ಒಂದೇ ಸಾಲು ಇದೆ. ಇಲ್ಲಿ ಮೂರು ಸಲ ಹೋಗಿ ಬಂದಿದ್ದೀಯ. ಕೋಲಿನ ತೂತುಗಳು ಇಲ್ಲಿ ಮಾತ್ರ ಇವೆ. ಮೊಣಕಾಲೂ ಇಲ್ಲಿ ಮಾತ್ರ ಇದೆ” ಅಂದಳು. ದನಿ ಏರಿಸಲಿಲ್ಲ. “ಮಗಳು ಅಂತ ನೋಡಬೇಡ ಅಂದಿದ್ದೆನಲ್ಲ” ಅಂದಳು.

ರಾವುತ ಕೋಲು ಎತ್ತಿಕೊಂಡು ಐದನೆಯ ಚೌಕಕ್ಕೆ ಹೋದ. ಬಾಗಿ ಸುತ್ತನ್ನು ಅಳೆದ. ಅಲ್ಲಿ ಆರು ಬೆರಳು ವ್ಯತ್ಯಾಸ ಇತ್ತು.

ಗೋಡೆಯ ಆಚೆ ತಮಟೆ ಬಾರಿಸುತ್ತಿದ್ದರು. ಗೆದ್ದ ಚೌಕ ನೋಡಲು ಜನ ಬಾಗಿಲಿಗೆ ಮುಗಿಬೀಳುತ್ತಿದ್ದರು. ಹೊರಗೆ ಹೋಗಿ ಹೀಗಾಯಿತು ಅಂತ ಹೇಳಲು ರಾವುತನಿಗೆ ಬಾಯಿತ್ತು. ಆದರೆ ಹೆಗಲ ಮೇಲೆ ಶಾಲೂ ಇತ್ತು. ಎರಡು ಹೆಜ್ಜೆ ಬಾಗಿಲ ಕಡೆ ಹೋದ. ಅಲ್ಲಿಂದ ಮುಂದೆ ಕಾಲು ಬರಲಿಲ್ಲ.

ಮಗಳು ಅದನ್ನು ನೋಡಿದಳು. ಸುಮ್ಮನೆ ಹಲಗೆ ಊರಿ ಎಳೆಯತೊಡಗಿದಳು. ಮೊದಲು ಅಪ್ಪನ ಮೊಣಕಾಲಿನ ಗುರುತು ಸವರಿದಳು. ಆಮೇಲೆ ಕೋಲಿನ ತೂತುಗಳನ್ನು ಮುಚ್ಚಿದಳು. ಕುದುರೆಯ ಹೆಜ್ಜೆಗಳನ್ನು ಕೊನೆಗೆ ಅಳಿಸಿದಳು. ಮಂಚದ ಕಾಲಿನ ಹಾಗೆ ಸಮ ಬಿದ್ದಿದ್ದ ಆ ನಾಲ್ಕು ಗೊರಸಿನ ಹತ್ತಿರ ಬಂದಾಗ ಮಾತ್ರ ಒಂದು ಗಳಿಗೆ ನಿಂತಳು. ಜನ ಒಳಗೆ ಬರುವಷ್ಟರಲ್ಲಿ ಮೂರನೆಯ ಚೌಕ ನೀರಿನ ಹಾಗೆ ಸಪಾಟಾಗಿತ್ತು.

ಎಂಟು ದಿನ ಕಳೆದು ವರ್ತಕನ ಮಗ ಬೆಟ್ಟದ ದಾರಿ ಹಿಡಿದ. ಊರಬಾಗಿಲಿನಲ್ಲಿ ರಾವುತ ನಿಂತಿದ್ದ. ಪಕ್ಕದಲ್ಲಿ ಮಗಳೂ ಬಂದು ನಿಂತಳು. ಕುದುರೆ ಚಿಕ್ಕದಾಗುತ್ತ ಹೋಯಿತು, ಆಮೇಲೆ ಬರೀ ಧೂಳು ಕಂಡಿತು, ಆಮೇಲೆ ಅದೂ ಅಡಗಿತು. ಇಬ್ಬರೂ ಅಲ್ಲಿಂದ ಕದಲಲಿಲ್ಲ.

“ಅಲ್ಲಿ ನಿಜವಾಗಲೂ ಅಷ್ಟೊಂದು ಮೌನ ಇರುತ್ತದಾ ಅಪ್ಪ?” ಅಂತ ಮಗಳು ಕೇಳಿದಳು.

“ಹೋಗಿ ಬಂದವರು ಹಾಗಂತಾರೆ ಕಣಮ್ಮ” ಅಂದ ರಾವುತ.

ಇಷ್ಟು ಹೇಳಿ ಗುರುಗಳು ಮೊರವನ್ನು ಒಮ್ಮೆ ಕೇರಿದರು. ಹೊಟ್ಟು ಹಾರಿ ಅಂಗಳಕ್ಕೆ ಬಿತ್ತು. ಕೊಟ್ರಯ್ಯ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಆ ರಾವುತನ ಪರವಾಗಿ ಏನಾದರೂ ಹೇಳಬೇಕು ಅನ್ನಿಸಿತು.

“ಆದರೂ ಗುರುಗಳೇ, ಅವನು ಮಗಳನ್ನು ಸುಮ್ಮಸುಮ್ಮನೆ ತೆಗೆದುಹಾಕಲಿಲ್ಲವಲ್ಲ. ಬಗ್ಗಿ ಕೂತು, ಕೋಲಿಟ್ಟು ಅಳೆದ ತಾನೇ?” ಎಂದ.

“ಅಳೆದ” ಎಂದರು ಗುರುಗಳು. “ನೀನು ನಿನ್ನ ತಮ್ಮನ ಹಾಡನ್ನು ಕೇಳಿದೆಯಾ?”